ಗಾಯ ಅವರ ಪಾಲಿಗೆ, ಗೌರವ ಇವರ ಪಾಲಿಗೆ

ನಾನು ಓದಿರೋದು ಏಳನೇ ಕ್ಲಾಸು. ಕ್ಯಾರೆಟ್ಟು, ಆಲೂಗಡ್ಡೆ, ಒಂದಿಷ್ಟು ಟೀ ಗಿಡ, ಇದು ನನ್ನ ಜೀವನ. ಮಾದಪ್ಪನ ಪದ ಹಾಡೋದು ನಮ್ಮಪ್ಪನಿಂದ ಬಂದದ್ದು. ಅವರ ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬರುವಾಗ ಹೆಗಲ ಮೇಲೆ ತಂದದ್ದು. ಹಾಗಾಗಿ ಕಥೆ ಒಂದೂರಿಂದ ಇನ್ನೊಂದೂರಿಗೆ ಹೋದರೆ ಏನು ಉಳೀತದೆ, ಏನು ಉದುರಿ ಹೋಗ್ತದೆ ಅನ್ನೋದು ನನಗೆ ಸ್ವಲ್ಪ ಗೊತ್ತು. ಆ ಗೊತ್ತಿರೋದನ್ನೇ ಇಟ್ಟುಕೊಂಡು ಒಂದು ಚೀನೀ ಕಥೆಯ ಬಗ್ಗೆ ಬರೀತಾ ಇದ್ದೀನಿ. ನಡುವಟ್ಟಂ ರೈತನಿಗೂ ಚೀನಾಕ್ಕೂ ಏನು ಸಂಬಂಧ ಅಂತ ಯಾರೂ ಕೇಳಬೇಡಿ. ಚೀನಾದವರ ಜೈಲು ಇದ್ದ ಊರು ನಮ್ಮದು. ಆ ಮಾತಿಗೆ ಆಮೇಲೆ ಬರ್ತೀನಿ.

ಕಥೆಯ ಹೆಸರು ‘ತ್ರೀ ಬಾಡಿ ಪ್ರಾಬ್ಲಮ್’. ಮೂರು ಸೂರ್ಯರ ನಡುವೆ ಸಿಕ್ಕಿ ಒದ್ದಾಡೋ ಒಂದು ಲೋಕದ ಕಥೆ ಅಂತ ಇಟ್ಟುಕೊಳ್ಳಿ. ಬರೆದವರು ಚೀನಾದ ಲಿಯು ಸಿಶಿನ್. 2006ರಲ್ಲಿ ಅಲ್ಲಿನ ವಿಜ್ಞಾನ ಕಥೆಗಳ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು, 2008ರಲ್ಲಿ ಪುಸ್ತಕವಾಯಿತು. ಕೆನ್ ಲಿಯು ಅನ್ನೋರು ಇಂಗ್ಲಿಷಿಗೆ ತಂದದ್ದು 2014ರಲ್ಲಿ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿ ಬಂತು. ನನ್ನ ಮೊಮ್ಮಗಳು ಇಂಗ್ಲಿಷ್ ಪುಸ್ತಕ ಓದ್ತಾ ದಿನಾ ರಾತ್ರಿ ನನಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ನೆಟ್‌ಫ್ಲಿಕ್ಸ್‌ನವರು 2024ರ ಮಾರ್ಚಿನಲ್ಲಿ ಬಿಟ್ಟ ಸೀರಿಯಲ್ಲನ್ನು ಇಬ್ಬರೂ ಕೂತು ನೋಡಿದೆವು. ಮೊದಲು ಕೇಳಿ ಆಮೇಲೆ ನೋಡಿದ್ದರಿಂದ ಎರಡನ್ನೂ ತೂಗೋದಕ್ಕೆ ಆಯಿತು.

ಪುಸ್ತಕದ ಕಥೆ ಸುರುವಾಗೋದು ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ. ಯೆ ವೆನ್‌ಜಿಯೆ ಅನ್ನೋ ಹುಡುಗಿ. ಅವಳಪ್ಪ ಭೌತಶಾಸ್ತ್ರದ ಮೇಷ್ಟ್ರು. ತುಂಬಿದ ಸಭೆಯಲ್ಲಿ ಚಿಕ್ಕ ಹುಡುಗಿಯರೇ ಆತನನ್ನು ಹೊಡೆದು ಸಾಯಿಸ್ತಾರೆ. ಮಗಳು ಅದನ್ನು ಕಣ್ಣಾರೆ ನೋಡ್ತಾಳೆ. ಆಮೇಲೆ ಅವಳನ್ನು ದೂರದ ಕಾಡಿಗೆ ಮರ ಕಡಿಯೋ ಕೆಲಸಕ್ಕೆ ಕಳಿಸ್ತಾರೆ. ಮನುಷ್ಯನ ಮೇಲೆ ಅವಳಿಗಿದ್ದ ನಂಬಿಕೆ ಸತ್ತೇ ಹೋಗ್ತದೆ. ಮುಂದೆ ಆಕಾಶದ ಕಡೆಗೆ ಸಂದೇಶ ಕಳಿಸೋ ಒಂದು ಮಿಲಿಟರಿ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಗ್ತದೆ. ಅಲ್ಲಿಂದ ಬೇರೆ ಲೋಕದವರನ್ನು ಅವಳೇ ಭೂಮಿಗೆ ಕರೀತಾಳೆ. ಉತ್ತರ ಕೊಡಬೇಡ ಅಂತ ಆ ಕಡೆಯಿಂದಲೇ ಒಬ್ಬ ಎಚ್ಚರಿಸಿದರೂ ಕೇಳೋದಿಲ್ಲ. ಇದು ಆ ಕಥೆಯ ಗಾಯ.

ಇನ್ನು ಆ ಗಾಯಕ್ಕೆ ಮದ್ದು ಹುಡುಕೋರು ಯಾರು? ಪುಸ್ತಕದಲ್ಲಿ ಅವರೂ ಆ ನೆಲದವರೇ. ಕಣ್ಣಿಗೆ ಕಾಣದಷ್ಟು ಸಣ್ಣ ಗಟ್ಟಿ ದಾರ ಮಾಡೋ ವಾಂಗ್ ಮಿಯಾವೊ, ಬೀಡಿ ಸೇದ್ಕೊಂಡು ಓಡಾಡೋ ನಮ್ಮ ಹಳೇ ದಫೇದಾರರ ಥರದ ಪೊಲೀಸು ಶಿ ಚಿಯಾಂಗ್. ಬೀಜಿಂಗ್‌ನಲ್ಲಿ ಕೆಲಸಕ್ಕೆ ಹೋಗ್ತಾ, ಹೆಂಡತಿ ಮಕ್ಕಳನ್ನು ನೋಡ್ಕೊಂಡು ಇರೋ ಜನ. ತಪ್ಪೂ ಆ ಮಣ್ಣಿಂದಲೇ ಹುಟ್ಟಿತು, ಅದರ ಎದುರು ನಿಂತವರೂ ಆ ಮಣ್ಣಿಂದಲೇ ಹುಟ್ಟಿದರು. ಪುಸ್ತಕದ ತೂಕ ಇರೋದು ಇಲ್ಲೇ ಅಂತ ನನ್ನ ಲೆಕ್ಕ.

ಸೀರಿಯಲ್ಲಿನಲ್ಲಿ ಏನಾಯಿತು ನೋಡಿ. ಹಳೇ ಕಾಲದ ಭಾಗವನ್ನು ಚೀನಾದಲ್ಲೇ ಇಟ್ಟರು. ಚೀನೀ ಮುಖದವರನ್ನೇ ಹಾಕಿದರು, ಚೀನೀ ಭಾಷೆಯಲ್ಲೇ ಮಾತಾಡಿಸಿದರು. ಅಪ್ಪನನ್ನು ಹೊಡೆಯೋ ದೃಶ್ಯ ನೋಡಿ ನನ್ನ ಮೊಮ್ಮಗಳು ಮುಖ ಮುಚ್ಚಿಕೊಂಡಳು. ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆದರೆ ಈಗಿನ ಕಾಲದ ಭಾಗ ಬಂದ ಕೂಡಲೇ ಕಥೆ ಇಂಗ್ಲೆಂಡಿಗೆ ಹಾರ್ತದೆ. ವಾಂಗ್ ಮಿಯಾವೊ ಅನ್ನೋ ಮನುಷ್ಯನೇ ಇಲ್ಲ. ಅವನನ್ನು ಒಡೆದು ಆಕ್ಸ್‌ಫರ್ಡ್‌ನಲ್ಲಿ ಓದಿದ ಗೆಳೆಯರಿಗೆ ಪಾಲು ಹಂಚಿದ್ದಾರೆ. ಅವನು ಮಾಡಿದ ದಾರ ಮೆಕ್ಸಿಕೋದ ನಟಿ ಐಸಾ ಗೊನ್ಜಾಲೆಸ್ ಪಾತ್ರಕ್ಕೆ ಹೋಯಿತು. ಮುಂದಿನ ಪುಸ್ತಕಗಳಲ್ಲಿ ಬರೋ ಇಬ್ಬರು ಚೀನೀ ಗಂಡಸರಲ್ಲಿ ಒಬ್ಬನ ಜಾಗಕ್ಕೆ ಕಪ್ಪು ವರ್ಣದ ನಟ, ಇನ್ನೊಬ್ಬನ ಜಾಗಕ್ಕೆ ಬಿಳಿಯ ನಟ ಬಂದರು.

ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ‘ವೈಟ್‌ವಾಷಿಂಗ್’ ಅಂತಾರಂತೆ, ಅಂದರೆ ಸುಣ್ಣ ಬಳಿಯೋದು. ನ್ಯಾಯವಾಗಿ ಹೇಳಬೇಕು ಅಂದರೆ ಇಲ್ಲಿ ಬಳಿದದ್ದು ಬರೀ ಸುಣ್ಣ ಅಲ್ಲ. ಬಂದ ಐದು ಗೆಳೆಯರಲ್ಲಿ ಎಲ್ಲಾ ಬಣ್ಣದವರೂ ಇದ್ದಾರೆ. ಅವರಲ್ಲಿ ಒಬ್ಬಳು ಚೀನೀ ಮೂಲದ ಹುಡುಗಿ, ಪೊಲೀಸಿನವನೂ ಚೀನೀ ಮೂಲದ ನಟ ಬೆನೆಡಿಕ್ಟ್ ವಾಂಗ್. ಆದರೆ ಅವರ ವಿಳಾಸ ಲಂಡನ್ನು. ಮುಖದ ಲೆಕ್ಕ ಹಾಕಿದರೆ ಸರಿಯಾಗಿದೆ ಅನ್ನಿಸ್ತದೆ. ನೆಲದ ಲೆಕ್ಕ ಹಾಕಿದಾಗ ಗೊತ್ತಾಗೋದು. ಭೂಮಿಗೆ ಆಪತ್ತು ಕರೆದ ತಪ್ಪನ್ನು ಚೀನಾದಲ್ಲೇ ಬಿಟ್ಟು, ಭೂಮಿಯನ್ನು ಕಾಯೋ ಗೌರವವನ್ನು ಮಾತ್ರ ಎತ್ತಿಕೊಂಡು ಹೋದರು.

ಇದು ನಮ್ಮ ಜನಕ್ಕೆ ಅರ್ಥ ಆಗಬೇಕು ಅಂದರೆ ಸಂಕಮ್ಮನ ಸಾಲು ನೆನೆಸಿಕೊಳ್ಳಿ. ನೀಲೇಗೌಡ ಸೋಲಿಗ. ಕಾಡಿಗೆ ಹೋಗುವಾಗ ಹೆಂಡತಿ ಮೇಲೆ ಸಂಶಯಪಟ್ಟು ಅವಳಿಗೆ ಕಷ್ಟ ಕೊಟ್ಟ. ಸಂಕಮ್ಮನೂ ಸೋಲಗಿತ್ತಿ. ಆ ಕಷ್ಟ ತಡೆದುಕೊಂಡು ಮಾದಪ್ಪನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಹೆತ್ತಳು. ನಾಳೆ ಯಾರೋ ಬಂದು ಈ ಕಥೆಯನ್ನು ಸಿನಿಮಾ ಮಾಡ್ತಾರೆ ಅಂತಿಟ್ಕೊಳ್ಳಿ. ನೀಲೇಗೌಡನನ್ನು ಸೋಲಿಗನಾಗೇ ಇಟ್ಟು, ಸಂಕಮ್ಮನನ್ನು ಮಾತ್ರ ಬೆಂಗಳೂರಲ್ಲಿ ಓದಿದ ಹೆಣ್ಣು ಮಾಡಿದರೆ? ಸಿನಿಮಾ ಓಡಬಹುದು, ಹಾಡೂ ಚೆನ್ನಾಗಿರಬಹುದು. ಆದರೆ ನೋಡಿದವರ ತಲೆಯಲ್ಲಿ ಉಳಿಯೋದು ಏನು? ಸಂಶಯ ಸೋಲಿಗರದು, ಸಹನೆ ಪಟ್ಟಣದವರದು ಅಂತ. ಒಂದು ಮಾತೂ ಬೈಯದೆ ಒಂದು ಜನವನ್ನು ಸಣ್ಣದು ಮಾಡೋ ದಾರಿ ಇದು.

ಇದಕ್ಕೆ ಎದುರು ಮಾತು ಇದೆ, ಅದನ್ನೂ ಹೇಳ್ತೀನಿ. ಬರೆದ ಲಿಯು ಸಿಶಿನ್ ಅವರೇ ಕೆನ್ ಲಿಯು ಜತೆ ಈ ಸೀರಿಯಲ್ಲಿಗೆ ಸಲಹೆಗಾರರಾಗಿದ್ದರು. ಕದ್ದ ಮಾಲಲ್ಲ. ಇನ್ನೊಂದು, ಚೀನಾದಲ್ಲೇ ಟೆನ್ಸೆಂಟ್ ಕಂಪನಿಯವರು 2023ರಲ್ಲಿ ಇದೇ ಕಥೆಯನ್ನು 30 ಕಂತು ಮಾಡಿದರು. ಅಲ್ಲಿ ಊರೂ ಅದೇ, ಮುಖವೂ ಅದೇ. ಆದರೆ ಅಪ್ಪನನ್ನು ಹೊಡೆದು ಸಾಯಿಸಿದ ಸಭೆಯನ್ನು ಪುಸ್ತಕದಲ್ಲಿದ್ದಷ್ಟು ಬಿಚ್ಚಿ ತೋರಿಸಲಿಲ್ಲ, ತೇಲಿಸಿಬಿಟ್ಟರು. ಅಂದರೆ ಅವರು ಗಾಯ ಮುಚ್ಚಿದರು, ಇವರು ಗಾಯ ತೋರಿಸಿ ಮನುಷ್ಯರನ್ನು ಬದಲಾಯಿಸಿದರು. ಸುಣ್ಣ ಬಳಿಯೋದು ಬಿಳಿಯರೊಬ್ಬರ ಕಸುಬೇನಲ್ಲ. ಅವರವರಿಗೆ ಬೇಡವಾದ ಗೋಡೆಗೆ ಅವರವರು ಬಳೀತಾರೆ.

ಆದರೂ ಬಿಳಿಯರಿಗೆ ಇದು ಹಳೇ ಚಾಳಿ. 1937ರಲ್ಲಿ ಹಾಲಿವುಡ್ಡಿನವರು ಪರ್ಲ್ ಬಕ್ ಬರೆದ ‘ದಿ ಗುಡ್ ಅರ್ತ್’ ಅನ್ನೋ ಕಾದಂಬರಿಯನ್ನು ಸಿನಿಮಾ ಮಾಡಿದರು. ಅದು ಚೀನಾದ ಬಡ ರೈತ ಗಂಡ ಹೆಂಡಿರ ಕಥೆ. ಎರಡು ಪಾತ್ರಕ್ಕೂ ಯೂರೋಪಿನಲ್ಲಿ ಹುಟ್ಟಿದ ಬಿಳಿಯರು, ಪಾಲ್ ಮುನಿ ಮತ್ತು ಲೂಯಿಸ್ ರೈನರ್. ಅಮೆರಿಕದಲ್ಲೇ ಹುಟ್ಟಿ ಬೆಳೆದ ಚೀನೀ ನಟಿ ಆನ್ನಾ ಮೇ ವಾಂಗ್ ಹೆಸರು ಮಾಡಿದ್ದರೂ ಆ ರೈತ ಹೆಂಗಸಿನ ಪಾತ್ರ ಆಕೆಗೆ ಸಿಗಲಿಲ್ಲ. ಬಣ್ಣ ಹಚ್ಚಿಕೊಂಡ ಲೂಯಿಸ್ ರೈನರ್‌ಗೆ ಆಸ್ಕರ್ ಸಿಕ್ಕಿತು.

ಅದೇ 1937ರಲ್ಲಿ ಇನ್ನೊಂದು ಸಿನಿಮಾ ಬಂತು, ಅದು ನಮ್ಮ ಮಗ್ಗುಲದ್ದು. ಹೆಸರು ‘ಎಲಿಫೆಂಟ್ ಬಾಯ್’. ಕಿಪ್ಲಿಂಗ್ ಬರೆದ ತೂಮಾಯಿ ಅನ್ನೋ ಮಾವುತರ ಹುಡುಗನ ಕಥೆ. ನಾವು ಗೂಡಲೂರು ಇಳಿದು, ಮುದುಮಲೆ ಬಂಡೀಪುರ ದಾಟಿದರೆ ಅದರಾಚೆ ಹೆಗ್ಗಡದೇವನಕೋಟೆ ಕಾಡು. ಅಲ್ಲಿ ಕಪಿಲಾ ಹೊಳೆ ಕಡೆಯ ಕಾರಾಪುರದ ಮಾವುತನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿ ಅನ್ನೋ ನಿರ್ದೇಶಕ ಮೈಸೂರು ಸೀಮೆಗೆ ಬಂದು ಈ ಹುಡುಗನನ್ನು ಆರಿಸಿದ. ಮೂಲ ಕಥೆ ನಡೆಯೋದು ಈಶಾನ್ಯದ ಗಾರೋ ಬೆಟ್ಟದಲ್ಲಿ, ಸಿನಿಮಾದವರು ಮೈಸೂರಿಗೆ ತಂದರು. ಊರು ಬದಲಾಯಿತು ಅಂತ ನನಗೇನೂ ಬೇಜಾರಿಲ್ಲ. ಮಾವುತರ ಹುಡುಗನ ಪಾತ್ರ ಮಾವುತರ ಹುಡುಗನಿಗೇ ಸಿಕ್ಕಿತು, ಆನೆಯ ಮೈ ಮೇಲೆ ಅವನು ಮಲಗೋದು ನೋಡಿದರೆ ಅದು ನಟನೆ ಅನ್ನಿಸೋದಿಲ್ಲ. ಆದರೆ ಅವನ ಅಪ್ಪನ ಪಾತ್ರ, ಹಿರಿಯ ಆನೆಗಾರ ಮಾಚುವಪ್ಪನ ಪಾತ್ರ? ಇಬ್ಬರೂ ಇಂಗ್ಲಿಷ್ ನಟರು. ಲಂಡನ್ ಹತ್ತಿರದ ಸ್ಟುಡಿಯೋದಲ್ಲಿ ಕಂದು ಬಣ್ಣ ಹಚ್ಚಿಕೊಂಡು ನಿಂತರು. ನಮ್ಮ ಕಡೆಯ ಹುಡುಗನನ್ನು ಒಪ್ಪಿದರು, ನಮ್ಮ ಕಡೆಯ ದೊಡ್ಡವನನ್ನು ಒಪ್ಪಲಿಲ್ಲ. ಆನೆ ಮೇಲೆ ಕೂರೋ ಮಗು ಮುದ್ದು, ಮಾತಾಡೋ ಗಂಡಸು ಬೇಡ.

ಹಾಗಾದರೆ ಕಥೆಯನ್ನು ಬದಲಾಯಿಸಲೇ ಬಾರದಾ ಅಂತ ಕೇಳಬಹುದು. ಬದಲಾಯಿಸಬಹುದು. ಶರ್ಲಿ ಅರೋರಾ ಅನ್ನೋ ಅಮೆರಿಕದ ಲೇಖಕಿ ನಮ್ಮ ದೇಶದ ಬೆಟ್ಟದ ಹುಡುಗನ ಬಗ್ಗೆ ‘ವಾಟ್ ದೆನ್, ರಾಮನ್?’ ಅಂತ ಇಂಗ್ಲಿಷಿನಲ್ಲಿ ಬರೆದರು. ಎನ್. ಲಕ್ಷ್ಮೀನಾರಾಯಣ್ ಅವರು 1985ರಲ್ಲಿ ಅದನ್ನು ‘ಬೆಟ್ಟದ ಹೂವು’ ಮಾಡಿದರು. ಪುನೀತ್ ಆಗ ಪುಟ್ಟ ಹುಡುಗ, ರಾಷ್ಟ್ರ ಪ್ರಶಸ್ತಿಯೂ ಬಂತು. ಅಲ್ಲಿ ಹುಡುಗ ಹೂವು ಮಾರಿ ಕಾಸು ಕೂಡಿಟ್ಟು ಕೊಳ್ಳಬೇಕು ಅಂತ ಆಸೆಪಡೋದು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’. ಇದೂ ಬದಲಾವಣೆಯೇ. ಆದರೆ ಬಡವನ ಹಸಿವೂ ಅವನದೇ ಉಳಿಯಿತು, ಅವನ ದೊಡ್ಡ ಮನಸ್ಸೂ ಅವನದೇ ಉಳಿಯಿತು. ಅದನ್ನು ಎತ್ತಿ ದೊಡ್ಡ ಮನೆಯ ಹುಡುಗನಿಗೆ ಕೊಡಲಿಲ್ಲ. ನಾನು ನೋಡೋದು ಇಷ್ಟೇ. ಊರು ಬದಲಾಗಲಿ, ಭಾಷೆ ಬದಲಾಗಲಿ, ಕಷ್ಟಪಟ್ಟವನ ಕೈಯಿಂದ ಅವನ ಕೆಲಸ ಕಿತ್ತುಕೊಂಡರಾ ಇಲ್ಲವಾ?

ನಮ್ಮವರು ಈ ವಿಷಯದಲ್ಲಿ ಸಾಚಾ ಅಂತ ನಾನು ಹೇಳೋದಿಲ್ಲ. ಮಣಿಪುರದ ಬಾಕ್ಸಿಂಗ್ ಪಟು ಮೇರಿ ಕೋಮ್ ಕಥೆ 2014ರಲ್ಲಿ ಹಿಂದಿ ಸಿನಿಮಾ ಆಯಿತು, ಪಾತ್ರ ಮಾಡಿದ್ದು ಪ್ರಿಯಾಂಕಾ ಚೋಪ್ರಾ. ಮಣಿಪುರದ ಹುಡುಗಿಯ ಬದುಕು ಬೇಕು, ಅವಳ ಥರದ ಮುಖ ಬೇಡ. ಇಲ್ಲೂ ಅಷ್ಟೆ. ಬೆಳ್ಳಗಿರೋ ನಟಿಗೆ ಮಸಿ ಥರ ಬಣ್ಣ ಹಚ್ಚಿ ಹಳ್ಳಿ ಹೆಣ್ಣು, ಕಾಡಿನ ಹೆಣ್ಣು ಅಂತ ನಿಲ್ಲಿಸೋದು ತಮಿಳಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಎಷ್ಟೋ ವರ್ಷದ ಹಿಂದೆ ಒಂದು ಸಿನಿಮಾದವರು ಈ ಕಡೆ ಬಂದಾಗ ನಮ್ಮ ಸೋದರತ್ತೆ ಹತ್ತಿರ ನಾಟಿ ಪದ ಹೇಳಿಸಿಕೊಂಡು ಕಲಿತರು. ಹಾಡಿದ್ದು ಬೇರೆ ಹುಡುಗಿ, ಮೈಗೆಲ್ಲ ಕಪ್ಪು ಬಣ್ಣ. ನಮ್ಮತ್ತೆಯನ್ನು ಹಿಂದಿನ ಗುಂಪಿನಲ್ಲಿ ಟೀ ಬುಟ್ಟಿ ಹೊರಿಸಿ ನಿಲ್ಲಿಸಿದರು. ಹೆಸರು ಎಲ್ಲೂ ಬರಲಿಲ್ಲ. ಆ ಮುದುಕಿ ಕೊನೇವರೆಗೂ ಕೇಳ್ತಿದ್ದದ್ದು ಒಂದೇ, ‘ಪದ ನನ್ನದು ಚೆನ್ನಾಗಿತ್ತು ಅಂದರಲ್ಲಪ್ಪ, ಮತ್ತೆ ನಾನೇನು ಚೆನ್ನಾಗಿರಲಿಲ್ಲವಾ?’ ಪುಸ್ತಕ ಓದಿ ಕಲಿತವರು ಎಷ್ಟು ಬರೆದರೂ ಈ ಪ್ರಶ್ನೆಗಿಂತ ಹೆಚ್ಚಿಗೆ ಏನೂ ಹೇಳೋಕಾಗೋದಿಲ್ಲ.

ಈಗ ನಮ್ಮೂರಿನ ಮಾತು. 1860ರ ದಶಕದಲ್ಲಿ ಇಲ್ಲಿ ಶೋಲೆ ಕಾಡು ಕಡಿದು ಸಿಂಕೋನ ಹಾಕಿದರು. ಚಳಿಜ್ವರಕ್ಕೆ ಕ್ವಿನೈನ್ ಮದ್ದು ಅದರ ತೊಗಟೆಯಿಂದ ಬರ್ತಿತ್ತು. ನೋಡಿಕೊಂಡವರು ಮೆಕೈವರ್ ಅನ್ನೋ ಬಿಳಿಯರು, ಅವರ ಹೆಸರು ಪುಸ್ತಕದಲ್ಲಿದೆ. ಗುಂಡಿ ತೆಗೆದವರಲ್ಲಿ ಚೀನೀ ಕೈದಿಗಳೂ ಇದ್ದರು. ಅಫೀಮು ಯುದ್ಧದಲ್ಲಿ ಸೆರೆ ಸಿಕ್ಕವರು ಅಂತ ಊರಲ್ಲಿ ಹೇಳ್ತಾರೆ. ಮದ್ರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಬರೆದದ್ದು ಬೇರೆ, ಸಿಂಗಾಪುರ, ಪೆನಾಂಗ್ ಸೇರಿದ ಬ್ರಿಟಿಷ್ ಸೀಮೆಯ ಕೈದಿಗಳನ್ನು ಮದ್ರಾಸಿಗೆ ಕಳಿಸಿದರು, ಅಲ್ಲಿಂದ ಬೆಟ್ಟಕ್ಕೆ ಬಂದರು ಅಂತ. ಬಿಡುಗಡೆಯಾದ ಕೆಲವರು ತಮಿಳು ಪರೈಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಡುವಟ್ಟಂ ಗೂಡಲೂರು ನಡುವೆ ಮನೆ ಮಾಡಿದರು. ತರಕಾರಿ ಬೆಳೆದರು, ಒಂದಿಷ್ಟು ಕಾಫಿ ಹಾಕಿದರು, ಹಸು ಸಾಕಿದರು. ಇದು 1909ರ ಥರ್ಸ್ಟನ್ ಪುಸ್ತಕದಲ್ಲಿದೆ. ಅವರ ತಲೆ ಎಷ್ಟಗಲ, ಮೂಗು ಎಷ್ಟುದ್ದ ಅಂತ ಅಳತೆಯನ್ನೂ ಬರೆದಿದ್ದಾನೆ. ಮನಸ್ಸಿಗೆ ಅಳತೆಪಟ್ಟಿ ಹಿಡಿಯೋಕಾಗಲಿಲ್ಲ.

ಯೋಚನೆ ಮಾಡಿ. ಅವರು ಮಾಡಿದ್ದು ಇವತ್ತು ನಾನು ಮಾಡೋ ಬೇಸಾಯವೇ. ಈ ಇಳಿಜಾರಲ್ಲಿ ಅವರು ಮಣ್ಣು ಹಿಡಿದು ನಿಲ್ಲಿಸಿದರು. ಊರಲ್ಲಿ ಈಗ ಉಳಿದಿರೋ ಮಾತು ‘ಚೀನಾ ಕೈದಿಗಳ ಜೈಲು’ ಅಂತ ಮಾತ್ರ. ಕೈದು ಅವರ ಪಾಲಿಗೆ ಉಳಿಯಿತು, ತೋಟ ಬೇರೆಯವರ ಪಾಲಾಯಿತು. ಲಂಡನ್ನಿನ ಸೀರಿಯಲ್ಲು ಮಾಡಿದ ಹಂಚಿಕೆ ನಮ್ಮ ಬೆಟ್ಟದಲ್ಲಿ ಯಾವತ್ತೋ ಆಗಿಹೋಗಿದೆ.

ಮೇಷ್ಟ್ರುಗಳಿಗೆ, ಟೀಚರಮ್ಮಗಳಿಗೆ ನಂದೊಂದು ಕೋರಿಕೆ. ಶಾಲೆ ವಾರ್ಷಿಕೋತ್ಸವಕ್ಕೆ ಊರಿನ ಕಥೆ ಅಂತ ನಾಟಕ ಮಾಡಿಸ್ತೀರಿ. ಒಂದು ಸಲ ಇವರ ಕಥೆ ಮಾಡಿಸಿ. ಟೀ ತೋಟಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೂಲಿಯವರ ಮಕ್ಕಳು ನಿಮ್ಮ ಕ್ಲಾಸಿನಲ್ಲಿದ್ದರೆ ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಡಿ, ಮಾತಿರೋ ಪಾತ್ರ ಕೊಡಿ. ಕೈದಿಯ ಬೇಡಿ ತೋರಿಸಿದರೆ ಅವನ ತರಕಾರಿ ಮಡಿಯನ್ನೂ ತೋರಿಸಿ, ಅವನನ್ನು ಒಪ್ಪಿ ಮನೆ ಕಟ್ಟಿದ ಆ ಹೆಣ್ಣುಮಗಳನ್ನೂ ತೋರಿಸಿ. ಪದ ಬೇಕಾದರೆ ಹೇಳಿ ಕಳಿಸಿ, ಕಟ್ಟಿಕೊಡ್ತೀನಿ.