ಸೀಬೆಯ ಕೆಂಪು ತಿರುಳು

ಬೆಂಗಳೂರಿನ ಅಂಚಿನ ಸರ್ಜಾಪುರದ ರಸ್ತೆಬದಿಯಲ್ಲಿ ಉಪ್ಪು, ಖಾರದಪುಡಿ ಸವರಿ ಕೊಡುವ ಸೀಬೆ ನಮ್ಮ ನೆಲದ್ದೇ ಎನ್ನುವಷ್ಟು ಆಪ್ತವಾಗಿದ್ದರೂ ಅದರ ತವರು ಅಮೆರಿಕ ಖಂಡದ ಉಷ್ಣವಲಯವಾಗಿದ್ದು, ಮನುಷ್ಯರು ಅದನ್ನು ಬಳಸಿದ ಅತಿ ಹಳೆಯ ಕುರುಹುಗಳು ನೈಋತ್ಯ ಅಮೆಜಾನ್ ಪ್ರದೇಶದಲ್ಲಿ ದೊರೆತಿವೆ. ಪೋರ್ಚುಗೀಸರ ಕಾಲದಲ್ಲಿ ಅದು ಭಾರತಕ್ಕೆ ಬಂದಿತು, ಪೇರಲೆ ಎಂಬ ಹೆಸರಿನಲ್ಲಿ ಅವರ ನುಡಿಯ ನೆನಪು ಇನ್ನೂ ಉಳಿದಿದೆ. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ 'ಸಿ' ಜೀವಸತ್ವವಿದ್ದು, ಇದು ಕಿತ್ತಳೆಯಲ್ಲಿರುವುದರ ಮೂರು ನಾಲ್ಕು ಪಟ್ಟು. ರಾಗಿ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ರೂಪಕ್ಕೆ ತರುವುದು ಇದೇ ಜೀವಸತ್ವವಾದ್ದರಿಂದ, ಮುದ್ದೆಯೂಟದ ಜೊತೆಗೆ ಒಂದು ಸೀಬೆ ತಿನ್ನುವುದು ಬಹಳ ವಿವೇಕದ ಕ್ರಮ.

ಬೆಂಗಳೂರಿನ ಇನ್ನೊಂದು ಅಂಚಿನಲ್ಲಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕಾಮ್‌ಸರಿ ಮತ್ತು ಪರ್ಪಲ್ ಲೋಕಲ್ ತಳಿಗಳನ್ನು ಕೂಡಿಸಿ ರೂಪಿಸಿದ 'ಅರ್ಕಾ ಕಿರಣ್' ಈ ಹಣ್ಣಿನ ಕಥೆಯ ಅತ್ಯಂತ ಸುಂದರ ಅಧ್ಯಾಯ. ಅದರ ಗಾಢ ಕೆಂಪು ತಿರುಳಿಗೆ ಕಾರಣವಾದ ಲೈಕೋಪೀನ್, ಟೊಮೆಟೊಗೂ ಬಣ್ಣ ಕೊಡುವ, ಜೀವಕೋಶಗಳಿಗೆ ಆಗುವ ಉತ್ಕರ್ಷಣದ ಹಾನಿಯನ್ನು ತಡೆಯಬಲ್ಲ ವರ್ಣದ್ರವ್ಯ. ಬಿಸಿ ತಾಗಿದರೆ 'ಸಿ' ಜೀವಸತ್ವ ಕುಂದುತ್ತದೆ, ಲೈಕೋಪೀನ್ ಮಾತ್ರ ಬಹುಮಟ್ಟಿಗೆ ಉಳಿಯುತ್ತದೆ; ಆದ್ದರಿಂದಲೇ ರಸ ತೆಗೆದು ಸಂಸ್ಕರಿಸಲು ಕೆಂಪು ತಳಿ ಒದಗುತ್ತದೆ, ಜೀವಸತ್ವ ಬೇಕಾದವರು ಹಣ್ಣನ್ನು ಸಿಪ್ಪೆಯೊಡನೆ ಹಸಿಯಾಗಿಯೇ ಕಚ್ಚಿ ತಿನ್ನಬೇಕು.