‘ಓಡಿಹೋದಳು’ ಎಂಬ ತೀರ್ಪು: ‘ದಹಾಡ್’ ಸರಣಿಯ ಒಂದು ದೈವಶಾಸ್ತ್ರೀಯ ಅವಲೋಕನ

ಕೊಲೆ ಮತ್ತು ಪತ್ತೇದಾರಿಕೆಯ ಕಥನವೊಂದನ್ನು ಗುರುಮಠದ ಪತ್ರಿಕೆಯಲ್ಲಿ ಚರ್ಚಿಸುವುದು ಕೆಲವು ಓದುಗರಿಗೆ ಅನುಚಿತವೆನಿಸಬಹುದು. ಆದರೆ ಈ ಪ್ರಕಾರಕ್ಕೂ ನಮಗೂ ನಂಟು ಹಳೆಯದು. ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ ಯುವಕನೊಬ್ಬನು ಇಬ್ಬರು ಹಿರಿಯರನ್ನು ಪ್ರತ್ಯೇಕಿಸಿ, ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿ, ಸುಸನ್ನಳ ಮೇಲಿನ ಸುಳ್ಳಾರೋಪವನ್ನು ಬಯಲು ಮಾಡುತ್ತಾನೆ. ಅವರು ಹೆಸರಿಸಿದ ಮರಗಳ ಹೆಸರುಗಳಿಂದಲೇ ಗ್ರೀಕ್ ಮೂಲವು ಶ್ಲೇಷೆ ಹೊಸೆದು, ಸೀಳುವ ಮತ್ತು ಕಡಿಯುವ ಶಿಕ್ಷೆಯನ್ನು ಸಾರುತ್ತದೆ. ಮರಣದ ಅಂಚಿನಲ್ಲಿಯೂ ಒಂದು ಕರಾಳ ಹಾಸ್ಯವಿದೆ. ಅದು ಸುಸನ್ನಳ ಸಂಕಟವನ್ನು ನೋಡಿ ನಗುವ ಹಾಸ್ಯವಲ್ಲ. ಗೌರವದ ಪೀಠದಲ್ಲಿ ಕುಳಿತ ಸುಳ್ಳನ್ನು ಅದರ ಬಾಯಿಂದಲೇ ಹಿಡಿಯುವ ಹಾಸ್ಯ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರಸ್ತುತ ಕೃತಿಯನ್ನು ನೋಡಬೇಕಾಗಿದೆ.

ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ರೂಪಿಸಿದ ಎಂಟು ಕಂತುಗಳ ಹಿಂದಿ ಸರಣಿ ‘ದಹಾಡ್’ 2023ರ ಮೇ 12ರಂದು ಬಿಡುಗಡೆಯಾಯಿತು. ರಾಜಸ್ಥಾನದ ಮಂಡಾವಾದಲ್ಲಿ ಸಬ್‌ಇನ್‌ಸ್ಪೆಕ್ಟರ್ ಅಂಜಲಿ ಭಾಟಿ (ಸೋನಾಕ್ಷಿ ಸಿನ್ಹಾ) ಕಾಣೆಯಾದ ಬಡ ಯುವತಿಯರ ಜಾಡು ಹಿಡಿಯುತ್ತಾಳೆ. ಅವರೆಲ್ಲರೂ ಸಾರ್ವಜನಿಕ ಶೌಚಾಲಯಗಳಲ್ಲಿ, ಒಳಗಿನಿಂದ ಅಗುಳಿ ಹಾಕಿದ ಬಾಗಿಲಿನ ಹಿಂದೆ ಶವವಾಗಿ ಸಿಕ್ಕವರು. ಕಥೆ ರಾಜಸ್ಥಾನದ್ದಾದರೂ ಅದರ ಬೇರು ನಮ್ಮ ನೆಲದಲ್ಲಿದೆ. ಇದಕ್ಕೆ ಪ್ರೇರಣೆಯೆಂದು ವ್ಯಾಪಕವಾಗಿ ಗುರುತಿಸಲ್ಪಟ್ಟಿರುವುದು ದಕ್ಷಿಣ ಕನ್ನಡದ ‘ಸಯನೈಡ್’ ಮೋಹನ್ ಕುಮಾರನ ಪ್ರಕರಣ. ಶಾಲಾ ಶಿಕ್ಷಕನಾಗಿದ್ದ ಆತ ಮದುವೆಯ ಭರವಸೆಯಿತ್ತು ಯುವತಿಯರನ್ನು ದೂರದ ಊರುಗಳಿಗೆ ಕರೆದೊಯ್ಯುತ್ತಿದ್ದ; ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಅವರು ಸಯನೈಡ್ ನುಂಗಿ ಸಾಯುವಂತೆ ಮಾಡುತ್ತಿದ್ದ. 2009ರಲ್ಲಿ ಅವನ ಬಂಧನವಾಯಿತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. ಇಪ್ಪತ್ತನೆಯ ಹಾಗೂ ಕೊನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ.

ಇಪ್ಪತ್ತು ಮಂದಿ ಕಾಣೆಯಾಗುವವರೆಗೂ ಸಮಾಜವು ಎಣಿಸಲಿಲ್ಲವೇಕೆ? ಸರಣಿಯ ನಿಜವಾದ ತನಿಖೆ ಇದೇ. ಉತ್ತರವೂ ಸರಳವಾಗಿದೆ: ವರದಕ್ಷಿಣೆ ಹೊಂದಿಸಲಾಗದ ಮನೆಯ ಮಗಳು ಕಾಣದಾದರೆ ‘ಓಡಿಹೋದಳು’ ಎಂಬ ಒಂದೇ ಮಾತು ಸಾಕು. ಮನೆಯವರು ಮಾನಕ್ಕಂಜಿ ಮೌನವಾಗುತ್ತಾರೆ, ಠಾಣೆ ಕಡತ ಮುಚ್ಚುತ್ತದೆ. ಕೊಲೆಗಾರನಿಗೆ ಸಹಾಯಕರು ಬೇಕಿಲ್ಲ; ಈ ಮಾತೇ ಅವನ ಸಹಾಯಕ.

‘ದಹಾಡ್’ ನಗೆಯ ಸರಣಿಯಲ್ಲ. ಆದರೂ ಅದರ ಅತ್ಯಂತ ತೀಕ್ಷ್ಣ ಕ್ಷಣ ಕರಾಳ ಹಾಸ್ಯದ್ದೇ. ಮುರಳಿಯೆಂಬ ಬಡವ ತಂಗಿ ಕಾಣೆಯಾದಳೆಂದು ಅಲೆದಲೆದು ಸೋಲುತ್ತಾನೆ. ಕೊನೆಗೆ ಅವಳು ಮುಸ್ಲಿಂ ಯುವಕನೊಡನೆ ಹೋದಳೆಂದು ಸುಳ್ಳು ಹೇಳುತ್ತಾನೆ. ಕೂಡಲೇ ಎಲ್ಲರಿಗೂ ಕಿವಿ ಬರುತ್ತದೆ. ಒಂದು ವಾರದ ಅನಂತರ, ಮೇ 19ರಂದು ತೆರೆಕಂಡ ಯಶೋವರ್ಧನ್ ಮಿಶ್ರಾ ನಿರ್ದೇಶನದ ‘ಕಟಹಲ್’ ಚಿತ್ರ ಇದೇ ತಿರುವನ್ನು ಬಹಿರಂಗ ಪ್ರಹಸನವಾಗಿಸುತ್ತದೆ. ಶಾಸಕನ ಮನೆಯ ಎರಡು ಹಲಸಿನ ಹಣ್ಣು ಕಳುವಾದುದಕ್ಕೆ ಇಡೀ ಪೊಲೀಸ್ ಪಡೆ ಓಡುತ್ತದೆ. ತೋಟದ ಆಳಿನ ಮಗಳು ಕಾಣೆಯಾದುದನ್ನು ಕೇಳುವವರಿಲ್ಲ. ಇನ್‌ಸ್ಪೆಕ್ಟರ್ ಮಹಿಮಾ ಬಸೋರ್ ಆ ಹುಡುಗಿಯೇ ಹಲಸು ಕದ್ದವಳೆಂದು ಘೋಷಿಸಿ ಅವಳ ಹುಡುಕಾಟಕ್ಕೆ ಪಡೆಯನ್ನು ಹೊರಡಿಸುತ್ತಾಳೆ. ಕಳೆದುಹೋದ ಮಗಳಿಗಿಲ್ಲದ ಬೆಲೆ ಕಳ್ಳಿಗಿದೆ.

ಎರಡರಲ್ಲಿಯೂ ಸತ್ಯವು ನ್ಯಾಯದ ಬಾಗಿಲು ದಾಟಲು ಸುಳ್ಳಿನ ವೇಷ ತೊಡಬೇಕಾಗುತ್ತದೆ. ನೀತಿಶಾಸ್ತ್ರವನ್ನು ಬೋಧಿಸುವ ನಾವು ಆ ಸುಳ್ಳುಗಳನ್ನು ಸಮರ್ಥಿಸಲಾರೆವು. ಮುರಳಿಯ ಸುಳ್ಳಂತೂ ನಿರಪರಾಧಿಗಳಾದ ನೆರೆಯವರ ಮೇಲೆ ಬೆಂಕಿಯನ್ನು ತಿರುಗಿಸುತ್ತದೆ. ಆದರೆ ಬಡವನು ನುಡಿದ ಸುಳ್ಳನ್ನು ತೂಗುವ ಮುನ್ನ, ಅವನ ಸತ್ಯವನ್ನು ಕೇಳದ ಕಿವಿಯನ್ನು ತೂಗಬೇಕಲ್ಲವೇ? ವೃದ್ಧ ನಿರಾಶ್ರಿತನ ಸಾವು ಸುದ್ದಿಯಾಗದೆ ಷೇರು ಮಾರುಕಟ್ಟೆಯ ಎರಡಂಶದ ಕುಸಿತ ಸುದ್ದಿಯಾಗುವುದನ್ನು ಜಗದ್ಗುರು ಫ್ರಾನ್ಸಿಸರು 2013ರ ‘ಇವಾಂಜೆಲಿ ಗೌದಿಯುಂ’ 53ರಲ್ಲಿ ಪ್ರಶ್ನಿಸಿದರು. ‘ಕಟಹಲ್’ನ ಹಲಸು ಅದೇ ಪ್ರಶ್ನೆಯ ಹಳ್ಳಿಯ ರೂಪ.

ಪ್ರಭು ಯೇಸು ಕೂಡ ಈ ಹಾಸ್ಯವನ್ನು ಬಲ್ಲವರು. ಲೂಕನ 18ನೆಯ ಅಧ್ಯಾಯದ ನ್ಯಾಯಾಧೀಶ ದೇವರಿಗೂ ಅಂಜದವನು, ವಿಧವೆಗೆ ಮಾತ್ರ ಅಂಜುತ್ತಾನೆ. ಅಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದವು ಮುಷ್ಟಿಕಾಳಗದ್ದು: ಕಣ್ಣಿನ ಕೆಳಗೆ ಗುದ್ದುವುದು. ಈ ಎರಡು ಕೃತಿಗಳು ಸಾಮತಿಗೆ ಹೊಸದೊಂದನ್ನು ಸೇರಿಸುತ್ತವೆ. ಇಲ್ಲಿ ವಿಧವೆಯು ಬಾಗಿಲ ಹೊರಗಿಲ್ಲ, ಕಚೇರಿಯೊಳಗೇ ಸಮವಸ್ತ್ರ ತೊಟ್ಟು ಕುಳಿತಿದ್ದಾಳೆ. ಅಂಜಲಿ ದಲಿತಳು. ಅವಳು ಹಾದುಹೋದಾಗ ಸಹೋದ್ಯೋಗಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ನೋಡುಗನಿಗೆ ಮೊದಲು ನಗು, ಮರುಕ್ಷಣ ನಾಚಿಕೆ. ಕೊನೆಗೆ ಅವಳು ತಂದೆ ಕೊಟ್ಟಿದ್ದ ‘ಭಾಟಿ’ಯನ್ನು ಕಳಚಿ ‘ಮೇಘವಾಲ್’ ಎಂಬ ಮೂಲನಾಮವನ್ನು ಮರಳಿ ಪಡೆಯಲು ಮುಂದಾಗುತ್ತಾಳೆ. ಹೆಸರಿಲ್ಲದೆ ಸತ್ತವರಿಗೆ ಹೆಸರು ಹುಡುಕಿದವಳು ತನ್ನ ಹೆಸರನ್ನೂ ಕಂಡುಕೊಳ್ಳುವುದು ಸರಣಿಯ ಅತ್ಯಂತ ಸುಂದರ ಮುಕ್ತಾಯ.

ಕೊರತೆಯನ್ನೂ ಹೇಳಬೇಕು. ವಾರಾಂತ್ಯದಲ್ಲಿ ಮಕ್ಕಳಿಗೆ ಪುಸ್ತಕದ ಬಂಡಿ ಒಯ್ಯುವ ಅಧ್ಯಾಪಕ ಆನಂದನ (ವಿಜಯ್ ವರ್ಮಾ) ಮನಸ್ಸಿಗೆ ಸರಣಿ ಧಾರಾಳವಾಗಿ ಸಮಯ ಕೊಡುತ್ತದೆ. ಸತ್ತ ಸ್ತ್ರೀಯರಲ್ಲಿ ಹೆಚ್ಚಿನವರು ಗೋಡೆಯ ಮೇಲಿನ ಭಾವಚಿತ್ರಗಳಾಗಿಯೇ ಉಳಿಯುತ್ತಾರೆ. ಯಾರನ್ನೂ ಎಣಿಸದ ಸಮಾಜವನ್ನು ಖಂಡಿಸುವ ಕೃತಿ ತಾನೂ ಅವರನ್ನು ಸಂಖ್ಯೆಯಾಗಿಸುವ ಅಪಾಯ ಇಲ್ಲಿದೆ. ಪಾಪಿಯ ಅಂತರಂಗದ ಕುತೂಹಲವು ಸಂತ್ರಸ್ತರ ಶೋಕಕ್ಕಿಂತ ದೊಡ್ಡದಾಗುವುದು ನಮ್ಮ ಪ್ರಬೋಧನೆಗಳಿಗೂ ಅಂಟಿದ ದೋಷ.

ನನ್ನದೊಂದು ತಪ್ಪನ್ನು ಇಲ್ಲಿ ನಿವೇದಿಸಬೇಕು. ಧರ್ಮಕೇಂದ್ರವೊಂದರಲ್ಲಿ ನಾನು ಯುವ ಗುರುವಾಗಿದ್ದಾಗ, ಪಟ್ಟಣಕ್ಕೆ ದುಡಿಯಲು ಹೋದ ಮಗಳಿಂದ ಎರಡು ವಾರದಿಂದ ಕರೆಯಿಲ್ಲವೆಂದು ತಾಯಿಯೊಬ್ಬಳು ಬಂದಳು. ಯಾರೊಡನಾದರೂ ಹೋಗಿರಬಹುದು, ಊರಲ್ಲಿ ಸುದ್ದಿಯಾಗದಂತೆ ನೋಡಿಕೊಂಡು ಪ್ರಾರ್ಥಿಸು ಎಂದೆ. ಮಗಳು ಕ್ಷೇಮವಾಗಿದ್ದಾಳೆಂದು ಆಮೇಲೆ ತಿಳಿಯಿತು. ಆದರೆ ಅದು ದೇವರ ದಯೆಯೇ ಹೊರತು ನನ್ನ ವಿವೇಕವಲ್ಲ. ಅಂದು ನಾನು ಕೊಟ್ಟದ್ದು ಸಾಂತ್ವನವಲ್ಲ, ತೀರ್ಪು. ತನ್ನ ತಮ್ಮನೆಲ್ಲಿ ಎಂಬ ಪ್ರಶ್ನೆಗೆ ಕಾಯಿನನು ಕೊಟ್ಟ ಉತ್ತರಕ್ಕೂ ನನ್ನ ಮಾತಿಗೂ ಬಹಳ ಅಂತರವಿರಲಿಲ್ಲ. ಸರಣಿ ನೋಡುವಾಗ ಠಾಣೆಯ ಉದಾಸೀನಕ್ಕೆ ನಕ್ಕ ನಾನು ನಡುವಿನಲ್ಲಿ ನಗು ನಿಲ್ಲಿಸಿದ್ದು ಇದಕ್ಕಾಗಿ.

ಕರಾಳ ಹಾಸ್ಯದ ಪ್ರಯೋಜನ ಇಷ್ಟೇ: ಇತರರನ್ನು ನೋಡಿ ನಗುತ್ತಿರುವಾಗ ನಮ್ಮನ್ನೇ ಆಸನದಿಂದ ಎಬ್ಬಿಸುವುದು. ಅಲ್ಲಿಗೆ ತಲುಪದಿದ್ದರೆ ಅದು ಬರಿಯ ಮನರಂಜನೆ.

ತರೀಕೆರೆಯ ಏರಿಯ ಮೇಲಿನ ಮೂರು ಕರಿ ಕುರಿಮರಿಗಳ ನಾಲಿಗೆ ತೊಡರುವ ಮಾತನ್ನು ನಾವೆಲ್ಲ ಬಾಲ್ಯದಲ್ಲಿ ತಡವರಿಸಿದವರೇ. ಎಷ್ಟು ವೇಗವಾಗಿ ನುಡಿದರೂ ಮರಿಗಳು ಮೂರೆಂಬುದನ್ನು ಮಕ್ಕಳು ಮರೆಯುವುದಿಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ಹೊರಟ ಕುರುಬನ ಪ್ರೀತಿಯೂ ಎಣಿಕೆಯಿಂದಲೇ ಆರಂಭವಾಗುತ್ತದೆ. ಎಣಿಸದವನಿಗೆ ಒಂದು ಕಡಿಮೆಯಾದದ್ದು ತಿಳಿಯುವುದೇ ಇಲ್ಲ. ಮುಂದೆ ಧರ್ಮಕೇಂದ್ರಗಳ ಹೊಣೆ ಹೊರಲಿರುವ ಗುರುವಿದ್ಯಾರ್ಥಿಗಳು ಇದೊಂದನ್ನು ಕಲಿತರೂ ಸಾಕು: ಬಾಗಿಲಿಗೆ ಬಂದ ತಾಯಿ ಮಗಳು ಕಾಣುತ್ತಿಲ್ಲವೆಂದಾಗ, ಕಾರಣವನ್ನು ಊಹಿಸುವ ಮೊದಲು ಆ ಮಗಳ ಹೆಸರನ್ನು ಕೇಳಿ ಬರೆದುಕೊಂಡು, ತಾಯಿಯೊಡನೆ ಠಾಣೆಯವರೆಗೂ ನಡೆಯುವುದು.