ಗೆದ್ದ ಮೇಲಿನ ಎರಡು ವರ್ಷ

ಪುಸ್ತಕಕ್ಕೆ ವಿಮರ್ಶೆ ಉಂಟು, ನಾಟಕಕ್ಕೆ ಉಂಟು, ಸಿನಿಮಾಕ್ಕಂತೂ ಬೇಕಾದಷ್ಟು ಉಂಟು. ಆಟಕ್ಕೆ ಮಾತ್ರ ಸೋಲು-ಗೆಲುವಿನ ವರದಿ ಸಾಕೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಅದೂ ಹೆಂಗಸರ ಆಟವಾದರೆ ಪುಟದ ಮೂಲೆಯಲ್ಲಿ ನಾಲ್ಕು ಸಾಲು. ಒಂದು ಪಂದ್ಯಾವಳಿಯನ್ನು ಕಾದಂಬರಿಯಂತೆ ಓದಿ ಅದರ ಗುಣದೋಷಗಳನ್ನು ಹೇಳಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಕನ್ನಡ ಪಾಠ ಮಾಡುವ ಟೀಚರಿಗೆ ಬಾಸ್ಕೆಟ್‌ಬಾಲಿನ ಗೊಡವೆ ಏಕೆ ಎನ್ನುವಿರಾ? ಮೂವತ್ತು ವರ್ಷಕ್ಕೆ ಹತ್ತಿರ ಹತ್ತಿರ ಹೆಣ್ಣುಮಕ್ಕಳನ್ನು ತರಗತಿಯಲ್ಲೂ ಮೈದಾನದಲ್ಲೂ ನೋಡಿದವಳಿಗೆ ಅಷ್ಟಾದರೂ ಅಧಿಕಾರ ಬೇಡವೇ!

2017ರ ಜುಲೈ 23ನ್ನು ನೆನಪಿಸಿಕೊಳ್ಳಿ. ಅಂದು ಇಡೀ ದೇಶ ಟೀವಿಯ ಮುಂದೆ ಕುಳಿತಿತ್ತು. ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಹುಡುಗಿಯರು ಇಂಗ್ಲೆಂಡಿಗೆ 9 ರನ್‌ಗಳಿಂದ ಸೋತರು. ಎಲ್ಲರೂ ಮರುಗಿದರು. ಮರುಗಿದ್ದು ಒಳ್ಳೆಯದೇ, ಹೆಂಗಸರ ಕ್ರಿಕೆಟ್ಟಿಗೆ ಅಂದಿನಿಂದ ಒಂದು ಬೆಲೆ ಬಂತು. ಆದರೆ ಅದೇ ದಿನ ನಮ್ಮ ಬೆಂಗಳೂರಿನಲ್ಲಿ ಇನ್ನೊಂದು ಆಟ ಆರಂಭವಾಗಿತ್ತು, ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್. ನಮ್ಮ ಮನೆಯ ಅಂಗಳದಲ್ಲೇ ಮದುವೆ, ನಾವೋ ಪಕ್ಕದ ಊರಿನ ದಿಬ್ಬಣ ನೋಡುತ್ತಿದ್ದೆವು!

ಆ ಪಂದ್ಯಾವಳಿಯಲ್ಲಿ ಎರಡು ದರ್ಜೆಗಳಿದ್ದವು. ಬಲಾಢ್ಯರದು ಎ, ಉಳಿದವರದು ಬಿ. ಬಿ ದರ್ಜೆಯಲ್ಲಿ ಗೆದ್ದ ತಂಡಕ್ಕೆ ಎ ದರ್ಜೆಗೆ ಬಡ್ತಿ. ಭಾರತದ ಹುಡುಗಿಯರು ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿದರು. ಎರಡು ಅಂಕವೆಂದರೆ ಒಂದೇ ಒಂದು ಬುಟ್ಟಿ. ಹತ್ತು ಹತ್ತು ನಿಮಿಷಗಳ ನಾಲ್ಕು ಆವರ್ತ, ಒಟ್ಟು ನಲವತ್ತು ನಿಮಿಷ ಓಡಿ, ಬಿದ್ದು, ಎದ್ದು, ಕೊನೆಗೆ ಒಂದು ಬುಟ್ಟಿಯ ಅಂತರ. ಅಕ್ಕನ ಮಗ ಅದನ್ನು ಮೊಬೈಲಿನಲ್ಲಿ ಹಾಕಿಕೊಟ್ಟಾಗ ನಾನು ಒಲೆಯ ಮೇಲಿನ ಹಾಲನ್ನು ಮರೆತು ಕುಳಿತಿದ್ದೆ. ಕಥೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಅಧ್ಯಾಯ ಯಾವ ಲೇಖಕನಿಗೆ ಸಿಕ್ಕೀತು?

ಎ ದರ್ಜೆಯ ಫೈನಲ್ ಇನ್ನೂ ಬಿಗಿ. ಆ ವರ್ಷವೇ ಮೊದಲ ಬಾರಿಗೆ ಏಷ್ಯಾದ ಪಂದ್ಯಾವಳಿಗೆ ಬಂದ ಆಸ್ಟ್ರೇಲಿಯಾವನ್ನು ಜಪಾನ್ 74-73ರಿಂದ ಸೋಲಿಸಿತು. ಆಸ್ಟ್ರೇಲಿಯಾ 2006ರ ವಿಶ್ವ ಚಾಂಪಿಯನ್. ಅವರೆದುರು ಜಪಾನಿನವರು ಕುಳ್ಳರೇ ಸರಿ. ಬಾಸ್ಕೆಟ್‌ಬಾಲ್‌ನಲ್ಲಿ ಹೆಂಗಸರಿಗೆಂದು ಚೆಂಡನ್ನು ಸ್ವಲ್ಪ ಚಿಕ್ಕದು ಮಾಡಿದ್ದಾರೆಯೇ ಹೊರತು ಬುಟ್ಟಿಯನ್ನು ಕೆಳಗಿಳಿಸಿಲ್ಲ. ಗಂಡಸರಿಗೂ ಹೆಂಗಸರಿಗೂ ಅದು ನೆಲದಿಂದ 3.05 ಮೀಟರ್ ಎತ್ತರದಲ್ಲೇ ಇರುತ್ತದೆ. ಹಾಗಾದರೆ ಜಪಾನಿನವರು ಮಾಡಿದ್ದೇನು? ಎತ್ತರವನ್ನು ವೇಗದಿಂದ ತುಂಬಿಕೊಂಡರು. 6.75 ಮೀಟರ್ ದೂರದ ಗೆರೆಯಾಚೆಯಿಂದ ಎಸೆದು ಮೂರು ಮೂರು ಅಂಕ ಗಳಿಸುವುದನ್ನು ಕರಗತ ಮಾಡಿಕೊಂಡರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಫೈನಲ್‌ವರೆಗೂ ಹೋಗಿ, ಅಮೆರಿಕಕ್ಕೆ 75-90ರಿಂದ ಸೋತು ಬೆಳ್ಳಿ ಪಡೆದರು. "ನಮ್ಮ ಹುಡುಗಿಯರು ಗಿಡ್ಡ, ಇದೆಲ್ಲ ನಮಗಲ್ಲ" ಎನ್ನುವವರು ಇದನ್ನೊಮ್ಮೆ ಓದಿಕೊಳ್ಳಬೇಕು.

ಇನ್ನು ಕಥೆಯ ಎರಡನೆಯ ಭಾಗ. 2019ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೇ ಬಂತು, ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ. ಜಪಾನ್ ಈ ಸಲ ಚೀನಾವನ್ನು 71-68ರಿಂದ ಸೋಲಿಸಿತು. ಬಡ್ತಿ ಪಡೆದಿದ್ದ ನಮ್ಮ ತಂಡ ಆಡಿದ ಪಂದ್ಯಗಳನ್ನೆಲ್ಲ ಸೋತು ಎಂಟರಲ್ಲಿ ಎಂಟನೆಯದಾಯಿತು. 2021ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲೂ ಎಂಟನೆಯ ಸ್ಥಾನ, ಜೊತೆಗೆ ಹಿಂಬಡ್ತಿ. 2023ರಲ್ಲಿ ಸಿಡ್ನಿಯಲ್ಲಿ ಎ ದರ್ಜೆಯವರು ಆಡಿದಾಗ ಅಲ್ಲಿ ನಮ್ಮವರು ಇರಲಿಲ್ಲ.

ನನ್ನ ಆಕ್ಷೇಪ ಸೋಲಿನ ಮೇಲಲ್ಲ. ಏಳನೆಯ ತರಗತಿಯಲ್ಲಿ ಚೆನ್ನಾಗಿ ಓದಿದ ಹುಡುಗಿಯನ್ನು ಒಮ್ಮೆಲೇ ಹತ್ತಕ್ಕೆ ಕೂರಿಸಿ, ಪುಸ್ತಕವನ್ನೂ ಕೊಡದೆ, ಫೇಲಾದಳೆಂದು ಬೈದರೆ ತಪ್ಪು ಯಾರದು? ಜಪಾನಿನಲ್ಲಿ ದೊಡ್ಡ ದೊಡ್ಡ ಕಂಪನಿಗಳು ಹೆಂಗಸರ ತಂಡಗಳನ್ನು ಸಾಕುತ್ತವೆ. ಆ ತಂಡಗಳ ನಡುವೆ ಪ್ರತಿವರ್ಷ ಲೀಗ್ ನಡೆಯುತ್ತದೆ. ನಮ್ಮ ಆಟಗಾರ್ತಿಯರಲ್ಲಿ ಅನೇಕರಿಗೆ ಅನ್ನ ಕೊಟ್ಟದ್ದು ರೈಲ್ವೆ. ಆ ಉಪಕಾರವನ್ನು ಮರೆಯಬಾರದು. ಆದರೆ ಕೆಲಸ ಕೊಡುವುದು ಬೇರೆ, ವರ್ಷವಿಡೀ ಬಲಿಷ್ಠರೊಂದಿಗೆ ಆಡಿಸುವುದು ಬೇರೆ. ಎರಡು ವರ್ಷದಲ್ಲಿ ಎರಡು ಬಾರಿ ಅತಿಥೇಯರಾದೆವು. ಚಪ್ಪರ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಆದರೆ ಮನೆಮಗಳನ್ನು ತಯಾರು ಮಾಡಬೇಕಾದದ್ದು ಆ ಎರಡು ಚಪ್ಪರಗಳ ನಡುವಿನ ದಿನಗಳಲ್ಲಿ. ವಿಮರ್ಶೆ ಬರೆಯಬೇಕಾದದ್ದು ಆ ದಿನಗಳನ್ನು ಕುರಿತು.

ಈ ಆಟ ಹೆಂಗಸರ ಕೈಗೆ ಬಂದದ್ದು 1892ರಲ್ಲಿ, ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ. ತಂದವಳು ಸೆಂಡಾ ಬೆರೆನ್ಸನ್ ಎಂಬ ಶಿಕ್ಷಕಿ, ನಮ್ಮ ಜಾತಿಯವಳೇ! ಹುಡುಗಿಯರಿಗೆ ಆಯಾಸವಾಗಬಾರದೆಂದು ಆಕೆ ಅಂಕಣವನ್ನು ಮೂರು ಪಾಲು ಮಾಡಿದಳು. ತನ್ನ ಪಾಲಿನ ಗೆರೆ ದಾಟಿ ಯಾರೂ ಓಡುವಂತಿಲ್ಲ, ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ. ಅಂದಿನ ಸಮಾಜ ಅಷ್ಟನ್ನು ಒಪ್ಪಿದ್ದೇ ದೊಡ್ಡದು. ಆ ಗೆರೆಗಳೆಲ್ಲ ಅಳಿಸಿಹೋಗಿ ಎಷ್ಟೋ ಕಾಲವಾಯಿತು. ಈಗ ಅಂಕಣದ ಇಪ್ಪತ್ತೆಂಟು ಮೀಟರ್ ಉದ್ದವೂ ಅವರದೇ.

ನಮ್ಮ ಊರುಗಳಲ್ಲಿ ಮಾತ್ರ ಒಂದು ಗೆರೆ ಹಾಗೆಯೇ ಉಳಿದಿದೆ. ಅದರ ಹೆಸರು ಎಸ್ಸೆಸ್ಸೆಲ್ಸಿ. ನಾನು ಕಲಿಸುವ ಶಾಲೆಯಲ್ಲಿರುವುದು ಒಂದೇ ಬುಟ್ಟಿ, ಅದಕ್ಕೂ ಬಲೆಯಿಲ್ಲ. ಆದರೂ ಒಬ್ಬಳು ಹುಡುಗಿ ಅಲ್ಲಿಯೇ ಕಲಿತು ಜಿಲ್ಲಾ ಮಟ್ಟದಲ್ಲಿ ಆಡಿದಳು. ಮುಂದಿನ ವರ್ಷ ಅವಳ ತಾಯಿ ಬಂದು, "ಇನ್ನು ಸಾಕು ಟೀಚರ್, ಬಿಸಿಲಿಗೆ ಕಪ್ಪಾಗ್ತಾಳೆ, ನಾಳೆ ನೋಡೋಕೆ ಬಂದವರು ಏನಂತಾರೆ" ಎಂದರು. ಕೆಟ್ಟ ಹೆಂಗಸಲ್ಲ ಆಕೆ. ಮಗಳ ಫೀಸಿಗೆಂದು ಬಳೆ ಅಡವಿಟ್ಟವಳು. ಅವಳಿಗೆ ಉತ್ತರ ಕೊಡಲು ನನ್ನ ಬಳಿ ಏನಿತ್ತು? ಆಟದಿಂದ ಬದುಕು ನಡೆದೀತೆಂದು ತೋರಿಸಲು ನಮ್ಮೂರಿನಲ್ಲಿ ಒಂದು ಉದಾಹರಣೆಯೂ ಇರಲಿಲ್ಲ.

ಆದ್ದರಿಂದ ಕ್ರೀಡಾ ಸಂಘಗಳವರನ್ನು ಕೇಳುವ ಪ್ರಶ್ನೆಯನ್ನು ನಮ್ಮನ್ನೂ ಕೇಳಿಕೊಳ್ಳೋಣ. ಅವರು ಲೀಗ್ ನಡೆಸಲಿ, ಊರೂರಿಗೆ ಅಂಕಣ ಹಾಕಿಸಲಿ. ನಾವು ತಾಯಂದಿರು, ಟೀಚರುಗಳು, ಹತ್ತನೆಯ ತರಗತಿಯ ನಂತರ ಇನ್ನೆರಡು ವರ್ಷ, ಪಿಯುಸಿ ಮುಗಿಯುವವರೆಗಾದರೂ, ಹುಡುಗಿಯ ಕೈಯಿಂದ ಚೆಂಡು ಕಸಿಯದಿರೋಣ. ಸಂಜೆ ಐದರಿಂದ ಆರರವರೆಗೆ ಅವಳು ಮೈದಾನದಲ್ಲಿದ್ದರೆ ಮನೆಯ ರೊಟ್ಟಿ ಯಾರು ತಟ್ಟಬೇಕು ಎಂಬುದನ್ನು ಮಾತ್ರ ಅವಳ ಅಣ್ಣನನ್ನು ಕೇಳಿ.